ಮಗ್ಗದ ಮುಂದೆ ಸೋತ ಶ್ರವಣಯಂತ್ರ

ನಾನು ಕಿವಿಯ ಹಿಂದೆ ಕೂರುವ ಒಂದು ಶ್ರವಣಯಂತ್ರ. ಹುಣಸೆಬೀಜಕ್ಕಿಂತ ತುಸು ದೊಡ್ಡ ಮೈ, ಅದರಿಂದ ಇಳಿದ ತೆಳು ಕೊಳವೆ, ತುದಿಯಲ್ಲಿ ರಬ್ಬರಿನ ಮೊಗ್ಗು. ಇಷ್ಟೇ ನಾನು. ಬಂದ ಸದ್ದನ್ನು ದೊಡ್ಡದು ಮಾಡಿ ಒಳಗೆ ದಾಟಿಸುವುದು ನನ್ನ ಕೆಲಸ. ಸರಿಯಾಗಿ ದಾಟಿಸಿದೆನೋ ಇಲ್ಲವೋ ಎಂಬ ಚಿಂತೆ ಹುಟ್ಟಿದಾಗಿನಿಂದಲೂ ಇದೆ.

ಹುಟ್ಟಿದ ಕಾರ್ಖಾನೆಯಲ್ಲಿ ನನ್ನನ್ನು ಸ್ಪಂಜು ಮೆತ್ತಿದ ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದರು. ಒಂದು ಸಣ್ಣ ನಾದ ಬಿಟ್ಟರು. ದಾಟಿಸಿದೆ. ಪಾಸಾಯಿತೆಂದು ಚೀಟಿ ಅಂಟಿಸಿದರು. ಲೋಕದಲ್ಲಿ ಒಂದು ಸಲಕ್ಕೆ ಒಂದೇ ಸದ್ದು ಇರುತ್ತದೆಂದು ನಾನು ನಂಬಿಬಿಟ್ಟೆ.

ಆಮೇಲೆ ನನ್ನನ್ನು ಬನಹಟ್ಟಿಗೆ ತಂದರು. ಕಲ್ಯಾಣ ಮಂಟಪವೊಂದರಲ್ಲಿ ಎರಡು ದಿನದ ಶಿಬಿರ. ಮದುಮಗಳ ಕೋಣೆಯ ಕಿಟಕಿಗಳನ್ನು ಮುಚ್ಚಿ, ಬಂದವರನ್ನು ಅಲ್ಲಿ ಕೂರಿಸಿ ಕಿವಿ ನೋಡುತ್ತಿದ್ದರು. ಹಾಗೆ ಬಂದವನು ಮಾಲಿಂಗಪ್ಪ. ಮೂವತ್ತೈದು ವರ್ಷ ವಿದ್ಯುತ್ ಮಗ್ಗಗಳ ನಡುವೆ ನಿಂತು ಸೀರೆ ನೇಯ್ದವನು. ಆ ಸದ್ದೇ ಅವನ ಕಿವಿಯನ್ನು ತಿಂದಿತ್ತು. ಜೊತೆಗೆ ಹೆಂಡತಿ ದಾನವ್ವ. ಮಾರುವವನು ನನ್ನನ್ನು ಅವನ ಕಿವಿಗೆ ಸಿಕ್ಕಿಸಿ, ಹಿಂದೆ ನಿಂತು ಮೆಲ್ಲಗೆ ಹೆಸರು ಕೇಳಿದ. ಮಾಲಿಂಗಪ್ಪ ತಟ್ಟನೆ ಹೇಳಿದ. ದಾನವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಹೆಮ್ಮೆಯಾಯಿತು. ಆ ಹೆಮ್ಮೆಗೆ ಈಗ ನಾಚುತ್ತೇನೆ.

ಮನೆಯಲ್ಲಿ ಸಂಜೆ ಹೊತ್ತು ಎಲ್ಲ ಚೆನ್ನಾಗಿತ್ತು. ಇಷ್ಟು ವರ್ಷ ಗೊಣಗಿದ್ದೆಲ್ಲ ಗಾಳಿಗೆ ಹೋಗುತ್ತಿತ್ತು, ಇನ್ನು ಬಾಯಿ ಬಿಗಿ ಹಿಡಿಯಬೇಕು ಎಂದು ದಾನವ್ವ ಪಕ್ಕದ ಮನೆಯವಳ ಹತ್ತಿರ ನಗೆಯಾಡಿದಳು. ಅದೂ ಅವನಿಗೆ ಕೇಳಿಸಿತು.

ಆದರೆ ಬೆಳಿಗ್ಗೆ ಮಗ್ಗದ ಶೆಡ್ಡು. ನಾಲ್ಕು ಮಗ್ಗ ಒಟ್ಟಿಗೆ ಬಡಿಯತೊಡಗಿದಾಗ ನಾನು ತತ್ತರಿಸಿಹೋದೆ. ಯಾವುದನ್ನು ದಾಟಿಸಬೇಕು, ಯಾವುದನ್ನು ತಡೆಯಬೇಕು ಎಂದು ನನಗೆ ಯಾರೂ ಕಲಿಸಿರಲಿಲ್ಲ. ಎಲ್ಲವನ್ನೂ ದೊಡ್ಡದು ಮಾಡಿ ಸುರಿದೆ. ಮೂರನೆಯ ದಿನ ಮಾಲಿಂಗಪ್ಪ, ಇದು ಬರೀ ಗದ್ದಲ, ವಾಪಸು ಕೊಡೋಣ ಎಂದ. ಶಿಬಿರ ಎತ್ತಂಗಡಿಯಾಗಿತ್ತು. ದಾನವ್ವ ಮಾರಿದವನಿಗೆ ಫೋನು ಮಾಡಿಸಿದಾಗ, ಮಾರುವಾಗಲೇ ಪರೀಕ್ಷೆ ಮಾಡಿಕೊಟ್ಟಿದ್ದೇವೆ, ಮಾರಿದ ಮಾಲು ಹಿಂದಕ್ಕಿಲ್ಲ, ಹಾಕಿಕೊಂಡೇ ಇದ್ದರೆ ರೂಢಿಯಾಗುತ್ತದೆ ಎಂಬ ಉತ್ತರ ಬಂತು. ಅವನು ಹಾಕಿಕೊಂಡೇ ಇದ್ದ.

ನಾನು ಬರುವ ಮೊದಲು ಅವನಿಗೆ ಒಂದು ಅಭ್ಯಾಸವಿತ್ತು. ಕಿವಿ ಕೇಳದೆಂದು ತಿಳಿದಿದ್ದರಿಂದ, ಮೂಲೆಯಲ್ಲಿ ನೂಲು ಸುತ್ತುವ ಯಂತ್ರದ ಮುಂದೆ ಕೂತು ಲಾಳಿಯೊಳಗಿಡುವ ಕಂಡಿಕೆಗಳನ್ನು ತುಂಬುವ ಹೆಂಡತಿಯ ಕಡೆ ಆಗಾಗ ತಿರುಗಿ ನೋಡುತ್ತಿದ್ದ. ನಾನು ಬಂದ ಮೇಲೆ ನೋಡುವುದನ್ನು ಬಿಟ್ಟ. ಗದ್ದಲದಲ್ಲಿ ಮಾತು ತಿಳಿಯದಿದ್ದರೂ, ಏನಾದರೂ ಆದರೆ ಕೂಗುತ್ತಾಳೆ, ಅದಾದರೂ ಕೇಳುತ್ತದೆ ಎಂದುಕೊಂಡ.

ಆರನೆಯ ದಿನ ದಾನವ್ವನ ಸೆರಗು ಆ ನೂಲು ಸುತ್ತುವ ಯಂತ್ರದ ಬೆಲ್ಟಿಗೆ ಸಿಕ್ಕಿತು. ಬಿಡಿಸಲು ಹೋದ ಕೈಯೂ ಸಿಕ್ಕಿತು. ಅವಳು ಕೂಗಿದಳು. ಆ ಕೂಗು ನನ್ನನ್ನು ಮುಟ್ಟಿತು, ನಾನು ದಾಟಿಸಿದೆ. ದಾಟಿಸಿದೆ ಎಂದೇ ನೆನಪು. ನಾಲ್ಕು ಮಗ್ಗದ ಬಡಿತವನ್ನೂ ಅದರ ಜೊತೆಗೇ ದಾಟಿಸಿದೆ. ಮೂರು ಮಾರು ದೂರದಲ್ಲಿದ್ದ ಅವನು ತಿರುಗಲಿಲ್ಲ. ಪಕ್ಕದ ಶೆಡ್ಡಿನವರು ಓಡಿಬಂದು ಕರೆಂಟು ತೆಗೆಯುವಷ್ಟರಲ್ಲಿ ಬಲಗೈಯ ಎರಡು ಬೆರಳು ಹೋಗಿದ್ದವು.

ಓಣಿಯ ಮಾಸ್ತರರು ಇದನ್ನೆಲ್ಲ ಬರೆದು ಶಾಸಕಿ ಇಂದುಮತಿಯವರಿಗೆ ಕಳಿಸಿದರು. ಶ್ರವಣಯಂತ್ರಗಳ ಮಾರಾಟಕ್ಕೆ ಕಟ್ಟುಪಾಡು ಹಾಕುವ ಮಸೂದೆಯೊಂದನ್ನು ಆಕೆ ತಂದಿದ್ದರು. ಕೊಂಡವರು ಹದಿನೈದು ದಿನ ಬಳಸಿ ನೋಡಿ, ಹೊಂದದಿದ್ದರೆ ಹಿಂದಿರುಗಿಸಬಹುದು ಎಂಬುದು ಅದರ ಹನ್ನೊಂದನೆಯ ಷರತ್ತು. ಮಾರಾಟಗಾರರ ಸಂಘ ಆ ಒಂದೇ ಷರತ್ತನ್ನು ತೆಗೆಸಲು ಓಡಾಡುತ್ತಿತ್ತು. ಮಸೂದೆ ಸದನ ಸಮಿತಿಯ ಮುಂದಿತ್ತು. ಚಳಿಗಾಲದ ಅಧಿವೇಶನದ ಹೊತ್ತಿಗೆ ಬೆಳಗಾವಿಗೆ ಬಂದು ಹೇಳಿಕೆ ಕೊಡಿ ಎಂದು ಮಾಲಿಂಗಪ್ಪನಿಗೆ ಪತ್ರ ಬಂತು.

ಸಮಿತಿಯ ಕೋಣೆ ನಾನು ಪಾಸಾದ ಆ ಸ್ಪಂಜಿನ ಪೆಟ್ಟಿಗೆಯಂತೆಯೇ ಇತ್ತು. ನೆಲಕ್ಕೆ ಜಮಖಾನೆ, ಬಾಗಿಲಿಗೆ ದಪ್ಪ ಪರದೆ. ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಇಲ್ಲಿ ನಾನು ಚೆನ್ನಾಗಿ ಕೆಲಸ ಮಾಡಿದರೆ ಅವನ ಮಾತು ಸುಳ್ಳಾಗುತ್ತದೆ. ಮಾಡದಿದ್ದರೆ ಕೇಳಿದ್ದಕ್ಕೆ ಉತ್ತರ ಕೊಡಲಾರ. ಬೇಕೆಂದೇ ಕೆಡುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.

ಸಂಘದ ಪ್ರತಿನಿಧಿ ಎದ್ದು ಹಿಂದಿನಿಂದ ಮೆಲ್ಲಗೆ ಊರು ಯಾವುದೆಂದು ಕೇಳಿದ. ಮಾಲಿಂಗಪ್ಪ ಹೇಳಿದ. ಮಕ್ಕಳೆಷ್ಟೆಂದು ಕೇಳಿದ. ಅದನ್ನೂ ಹೇಳಿದ. ಒಬ್ಬ ಹಿರಿಯ ಸದಸ್ಯರು ನಕ್ಕರು. “ಯಜಮಾನ್ರ, ನಿಮಗ ನಮಗಿಂತ ಛಲೋ ಕೇಳಸ್ತೈತಲ್ರಿ.”

ಹಾಗಾದರೆ ಯಂತ್ರದ ದೋಷವೇನು ಎಂದರು ಅಧ್ಯಕ್ಷರು.

“ಸುಳ್ಳು ಹೇಳಾಂಗಿಲ್ರಿ. ಇಲ್ಲಿ ಕೇಳಸ್ತೈತಿ. ಸಂಜೀಕ ಮನ್ಯಾಗೂ ಕೇಳಸ್ತೈತಿ. ಮಗ್ಗದ ಮುಂದ...” ಎಂದ ಮಾಲಿಂಗಪ್ಪ.

ಮಾರುವ ಜಾಗದಲ್ಲಿ ಒಮ್ಮೆ ಪರೀಕ್ಷಿಸಿದರೆ ಸಾಕಲ್ಲವೇ, ಹದಿನೈದು ದಿನವೇಕೆ ಎಂದು ಅಧ್ಯಕ್ಷರು ಕಾಗದ ತಿರುವಿದರು. ಆಗ ಹಿಂದಿನ ಕುರ್ಚಿಯಿಂದ ದಾನವ್ವ ಎದ್ದಳು. ಅವಳನ್ನು ಯಾರೂ ಸಾಕ್ಷಿಗೆ ಕರೆದಿರಲಿಲ್ಲ. ಬುತ್ತಿ ಡಬ್ಬಿ ಹಿಡಿದು ಮುಂದೆ ಬಂದು, ಗಂಡನ ಬೆನ್ನ ಹಿಂದೆ ನಿಂತಳು. ಎಡಗೈಯಿಂದ ಡಬ್ಬಿಯನ್ನು ಮೇಜಿಗೆ ಬಡಿಯತೊಡಗಿದಳು, ಮಗ್ಗ ಬಡಿಯುವ ಲೆಕ್ಕದಲ್ಲೇ.

“ನೀವೂ ಕುಟ್ರಿ ಸಾಹೇಬ್ರ. ನಮ್ಮಲ್ಲಿ ನಾಕು ಮಗ್ಗ ಅದಾವ.”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಇಂದುಮತಿಯವರು ಕುಟ್ಟಿದರು. ಆಮೇಲೆ ನಕ್ಕ ಹಿರಿಯರೂ ಸೇರಿದರು. ಮೇಜು ಕುಟ್ಟುವುದು ಅವರಿಗೆ ಹೊಸದೇನಲ್ಲ. ಕೋಣೆಯೆಲ್ಲ ಗದ್ದಲ ತುಂಬಿತು. ನಾನು ಎಲ್ಲವನ್ನೂ ಒಳಗೆ ಸುರಿದೆ. ಆಗ ದಾನವ್ವ ಅವನಿಂದ ಎರಡೇ ಹೆಜ್ಜೆ ಹಿಂದೆ ನಿಂತು, ಗಂಟಲು ಹರಿಯುವಂತೆ ಕೂಗಿದಳು. “ರೀ, ನನ್ನ ಕೈ ಸಿಕ್ಕತ್ರೀ.”

ಮಾಲಿಂಗಪ್ಪ ತಿರುಗಲಿಲ್ಲ. ಅಧ್ಯಕ್ಷರ ಮುಖವನ್ನೇ ನೋಡುತ್ತ, ಮುಂದಿನ ಪ್ರಶ್ನೆಗಾಗಿ ಮರ್ಯಾದೆಯಿಂದ ಕಾಯುತ್ತಿದ್ದ.

ಒಂದೊಂದಾಗಿ ಕೈಗಳು ನಿಂತವು.

“ಯಾಕ ನಿಲ್ಲಿಸಿದ್ರಿ?” ಎಂದ ಅವನು.

ಇಂದುಮತಿಯವರ ಪೆನ್ನು ಕಾಗದದ ಮೇಲೆ ಓಡಿದ್ದು ನನಗೆ ಕೇಳಿಸಿತು. ಹನ್ನೊಂದನೆಯ ಷರತ್ತನ್ನು ತಿದ್ದಿ ಓದಿದರು: ಹದಿನೈದು ದಿನ, ಕೊಂಡವರು ಇರುವ ಮತ್ತು ದುಡಿಯುವ ಜಾಗದಲ್ಲಿ. ಅಧ್ಯಕ್ಷರು ತಲೆಯಾಡಿಸಿ, ಯಂತ್ರವನ್ನು ದಾಖಲೆಗೆ ಇಟ್ಟುಕೊಳ್ಳಬೇಕಾಗುತ್ತದೆ, ಒಪ್ಪಿಗೆಯೇ ಎಂದರು.

ಮಾಲಿಂಗಪ್ಪನ ಕೈ ನನ್ನ ಮೇಲೆ ಬಂದು ಅಲ್ಲೇ ನಿಂತಿತು. ಸಂಜೆಯ ಮಾತುಗಳು ನೆನಪಾದವೇನೋ. “ಕೊಟ್ಟುಬಿಡ್ರಿ,” ಎಂದಳು ದಾನವ್ವ. “ನಾ ಜೋರಾಗಿ ಮಾತಾಡ್ತೀನಿ.”

ಅವನು ನನ್ನನ್ನು ಬಿಚ್ಚಿ ಮೇಜಿನ ಮೇಲಿಟ್ಟ.

ಲಕೋಟೆಯಲ್ಲಿ ಹಾಕುವಾಗ ಯಾರೂ ನನ್ನ ಸೆಲ್ಲು ತೆಗೆಯಲಿಲ್ಲ. ಹಾಗಾಗಿ ಇನ್ನೂ ಕೆಲವು ದಿನ ಕೇಳುತ್ತಲೇ ಇದ್ದೆ. ಅಧಿವೇಶನ ಮುಗಿಯಿತು; ಮಸೂದೆ ಮುಂದಿನದಕ್ಕೆ ಹೋಯಿತು ಎಂದರು. ಸಂಘದವರು ಇನ್ನೊಂದು ಮನವಿ ಕೊಟ್ಟಿದ್ದಾರೆ, ಹನ್ನೊಂದನೆಯದನ್ನು ಮತ್ತೆ ನೋಡಬೇಕಂತೆ ಎಂದು ಯಾರೋ ಕಡತ ಕಟ್ಟುತ್ತ ಹೇಳಿದರು. ಅದಾದ ಮೇಲೆ ನನ್ನ ಸೆಲ್ಲು ಮುಗಿಯಿತು. ಷರತ್ತು ಉಳಿಯಿತೋ ಹೋಯಿತೋ ನನಗೆ ಗೊತ್ತಿಲ್ಲ. ಲಕೋಟೆಯ ಮೇಲೆ ಕಡತಗಳ ಭಾರ ಬೀಳುತ್ತಲೇ ಇದೆ. ಅವುಗಳಲ್ಲಿ ಯಾವುದು ನಮ್ಮದೆಂದು ತಿಳಿಯುವ ದಾರಿಯಿಲ್ಲ.

ಮಾರಾಟವಾದ ವಸ್ತು ಹಿಂದಕ್ಕೆ ಹೋಗುವುದು ದೊಡ್ಡ ಅವಮಾನವೆಂದು ಮೊದಲು ತಿಳಿದಿದ್ದೆ. ಈಗ ಈ ಕತ್ತಲಲ್ಲಿ ಒಂದೇ ಲೆಕ್ಕ ಹಾಕುತ್ತಿರುತ್ತೇನೆ. ಅವನು ವಾಪಸು ಕೊಡೋಣ ಎಂದದ್ದು ಮೂರನೆಯ ದಿನ. ಅವಳ ಕೈ ಸಿಕ್ಕಿದ್ದು ಆರನೆಯ ದಿನ.