ಪೆಡಲ್ ಇಲ್ಲದ ಕಡೆಯ ಸೀಟು

ನಮ್ಮ ಮುಂದಿದ್ದ ಬಸ್ಸಿನ ಕೆಂಪು ಬ್ರೇಕ್ ದೀಪ ಹತ್ತಿತು, ಆರಿತು, ಮತ್ತೆ ಹತ್ತಿತು, ಅಂದರೆ ಅದರ ಡ್ರೈವರು ಸುಮ್ಮನೆ ಕಾಲಾಡಿಸುತ್ತಿದ್ದಾನೆ, ನಿಲ್ಲಿಸುವ ಉದ್ದೇಶವೇನೂ ಇಲ್ಲ, ಇಂಥವರನ್ನು ದಿನಾ ನೋಡುತ್ತೇನೆ, ಗೊತ್ತು, ಗೊತ್ತಿದ್ದೂ ನನ್ನ ಬಲಗಾಲು ಕೆಳಗಿನ ಮ್ಯಾಟನ್ನು ಒತ್ತಿಯೇ ಬಿಟ್ಟಿತು — ಬರೀ ಮ್ಯಾಟು, ಪೆಡಲ್ ಇಲ್ಲ, ಇದು ನನ್ನ ಡ್ರೈವಿಂಗ್ ಸ್ಕೂಲಿನ ಕಾರಲ್ಲ, ಮಗಳ ಕಾರು, ಇಲ್ಲಿರುವುದು ಒಂದೇ ಬ್ರೇಕು, ಅದು ಅವಳ ಕಡೆ. ಸ್ಕೂಲಿನ ಕಾರಿನಲ್ಲಾದರೆ ಕಲಿಯುವವರಿಗೊಂದು, ಪಕ್ಕದಲ್ಲಿ ಕೂತು ಕಲಿಸುವ ನನಗೊಂದು, ನನ್ನ ಕಡೆಯ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದೆ, ಅವರ ಕಡೆಯದು ಹೊಸದರ ಹಾಗೇ ಇದೆ, ಅದನ್ನು ನೋಡಿ ನಮ್ಮ ಯಜಮಾನರು ಒಂದು ದಿನ, ಕಾರು ಓಡಿಸ್ತಿರೋದು ಯಾರೇ, ನೀನಾ ಅವರಾ, ಅಂತ ನಕ್ಕಿದ್ದರು, ನಗಲಿ, ಈ ಊರಿನ ಅರ್ಧ ಜನಕ್ಕೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವಳು ನಾನು, ಒಂದು ಗೀರೂ ಬೀಳಲು ಬಿಟ್ಟವಳಲ್ಲ, ಹುಡುಗರು ಬೆನ್ನ ಹಿಂದೆ ಬ್ರೇಕ್ ಮೇಡಂ ಅನ್ನುತ್ತಾರೆ, ಎದುರಿಗೆ ಬರೀ ಮೇಡಂ, ಅಷ್ಟು ಮರ್ಯಾದೆ ನನಗೆ ಸಾಕು. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದೇನೆ, ಬೆರಳು ಜೋಮು ಹಿಡಿಯುತ್ತಿದೆ, ಹಿಡಿಯಲಿ. ಮನೆಯಿಂದ ಥೆರಪಿಸ್ಟರ ಕ್ಲಿನಿಕ್ಕಿನ ತನಕ ಮಗಳ ಪಕ್ಕದಲ್ಲಿ ಕೂತು, ಕಿರುಚದೆ, ಡ್ಯಾಶ್‌ಬೋರ್ಡ್ ಹಿಡಿಯದೆ, ನಿಧಾನ ನಿಧಾನ ಅನ್ನದೆ ತಲುಪಬೇಕು, ಇದು ಇವತ್ತಿನ ನನ್ನ ಹೋಮ್‌ವರ್ಕು. ಈ ವಯಸ್ಸಿಗೆ ಹೋಮ್‌ವರ್ಕು! ಆದರೆ ಹಿಡಿದ ಕೆಲಸ ಬಿಟ್ಟವಳಲ್ಲ ನಾನು, ಮಾಡಿಯೇ ತೀರುತ್ತೇನೆ.

ಬಸ್ಸು ಎಡಕ್ಕೆ ಹೋಯಿತು, ದಾರಿ ಬಿಟ್ಟಿತು, ಗುಬ್ಬಿ ಗೇರು ಬದಲಾಯಿಸಿದಳು, ಸದ್ದೇ ಇಲ್ಲದೆ, ಚೆನ್ನಾಗಿಯೇ ಬದಲಾಯಿಸಿದಳು — ಗುಬ್ಬಿ ಅಂತಲೇ ಕರೆಯುತ್ತೇವೆ ಇವಳನ್ನು, ಆ ಗುಬ್ಬಿ ಈಗ ಏಳು ತಿಂಗಳ ಬಸುರಿ, ಸ್ಟಿಯರಿಂಗಿಗೂ ಹೊಟ್ಟೆಗೂ ನಡುವೆ ಒಂದು ಗೇಣು ಜಾಗ, ಆ ಜಾಗವನ್ನು ನೋಡಬಾರದು ಅಂದುಕೊಂಡಿದ್ದೆ, ನೋಡಿದೆ, ಎದೆ ಢವಢವ ಶುರುವಾಯಿತು. ಹೋದ ತಿಂಗಳು ಇದೇ ರಸ್ತೆಯಲ್ಲಿ ಒಂದು ಸ್ಕೂಟರ್ ಅಡ್ಡ ಬಂತು ಅಂತ, ಅಡ್ಡ ಕೂಡ ಅಲ್ಲ, ಸುಮ್ಮನೆ ಪಕ್ಕದಲ್ಲಿ ಬಂತು ಅಂತ, ನಾನು ಕಿರುಚಿದ ರೀತಿಗೆ ಇವಳು ಕಾರನ್ನು ಬದಿಗೆ ಹಾಕಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಳು, ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು, ಬಯ್ಯಲಿಲ್ಲ, ಅಮ್ಮಾ, ಇದು ಒಳಗೆ ಬೆಚ್ಚಿಬಿತ್ತು, ನಂಗೆ ಗೊತ್ತಾಯ್ತು, ಇನ್ಮೇಲೆ ನಿನ್ನ ನಾನು ಕಾರಲ್ಲಿ ಕೂರಿಸ್ಕೊಳ್ಳಲ್ಲ, ಮಗು ಹುಟ್ಟಿದ ಮೇಲಂತೂ ಇಲ್ವೇ ಇಲ್ಲ, ನಿನ್ನ ಹೆದರಿಕೆ ಇದಕ್ಕೂ ಅಂಟೋದು ಬೇಡ. ಅಂಟೋದು ಅಂದಳು, ನೆಗಡಿ ಅಂಟುವ ಹಾಗೆ. ಮೊಮ್ಮಗುವನ್ನು ಮಡಿಲಲ್ಲಿಟ್ಟುಕೊಂಡು ಅವಳ ಜೊತೆ ಎಲ್ಲೆಲ್ಲಿಗೋ ಮನಸ್ಸಿನಲ್ಲೇ ಎಷ್ಟು ಸಲ ಹೋಗಿ ಬಂದಿದ್ದೆ, ಅದೆಲ್ಲ ಆ ಒಂದು ಮಾತಿಗೆ ಮುಗಿಯಿತು ಅನ್ನಿಸಿತು, ಮನೆಗೆ ಬಂದು ಬಚ್ಚಲಿನ ನಲ್ಲಿ ಜೋರಾಗಿ ಬಿಟ್ಟು ಅತ್ತೆ, ಮುಖ ತೊಳೆದೆ, ಫೋನು ತೆಗೆದುಕೊಂಡು ನಾನೇ ಅಪಾಯಿಂಟ್‌ಮೆಂಟ್ ಮಾಡಿದೆ. ಯಾರ ಬಲವಂತವೂ ಇಲ್ಲ. ಇವತ್ತೊಂದು ದಿನ ಕೂರಿಸಿಕೊಳ್ಳಲು ಗುಬ್ಬಿ ಒಪ್ಪಿದ್ದು ಥೆರಪಿಸ್ಟು ಕೊಟ್ಟ ಈ ಹೋಮ್‌ವರ್ಕಿಗೋಸ್ಕರ, ಅದೂ ಹೋಗುವಾಗ ಮಾತ್ರ, ವಾಪಸ್ಸು ನಾನು ಬಸ್ಸಿನಲ್ಲಿ. ಎಡಗಡೆ ಸೈಕಲ್ಲು, ಗುಬ್ಬಿ, ಸೈಕಲ್ಲು — ಹೇಳಲಿಲ್ಲ, ಒಳಗೇ ಅಂದುಕೊಂಡೆ, ಒಳಗೆ ಅಂದುಕೊಂಡಿದ್ದು ಲೆಕ್ಕಕ್ಕಿಲ್ಲ.

ಮೊದಲ ದಿನ ಕ್ಲಿನಿಕ್ಕಿನ ಮುಂದೆ ಒಂದು ನೀಲಿ ಕಾರು ಎರಡು ಗಾಡಿಯ ಜಾಗ ನುಂಗಿ ಸೊಟ್ಟಗೆ ನಿಂತಿತ್ತು, ಅದು ಥೆರಪಿಸ್ಟರದೇ ಅಂತ ವಾಚ್‌ಮನ್ ಹೇಳಿದಾಗ, ಕಾರು ನೆಟ್ಟಗೆ ನಿಲ್ಲಿಸಲು ಬಾರದವಳು ನನ್ನ ತಲೆ ನೆಟ್ಟಗೆ ಮಾಡುತ್ತಾಳಾ ಅಂತ ಅಲ್ಲಿಂದಲೇ ವಾಪಸ್ಸು ಹೊರಟಿದ್ದೆ, ಆಮೇಲೆ ಬಂದದ್ದು ಬಂದೆ, ಒಂದು ಕೈ ನೋಡೇ ಬಿಡೋಣ ಅಂತ ಒಳಗೆ ಹೋದೆ. ಒಳಗೆ ಮಗಳ ವಯಸ್ಸಿನ ಹುಡುಗಿ, ಮೆಲುದನಿ, ಎಷ್ಟು ಮೆಲುದನಿಯೆಂದರೆ ನಾನೇ ಮುಂದಕ್ಕೆ ಬಾಗಿ ಕೇಳಬೇಕು, ಏನು ತೊಂದರೆ ಅಂತ ಹೇಳ್ತೀರಾ ಅಂದಳು, ನಂಗೇನೂ ತೊಂದರೆ ಇಲ್ಲಮ್ಮ, ನನ್ನಿಂದ ಮಿಕ್ಕವರಿಗೆ ತೊಂದರೆ ಅಂದೆ, ನಕ್ಕಳು, ಆ ನಗುವಿಗೆ ನನ್ನ ಬಾಯಿ ಬಿಚ್ಚಿಕೊಂಡಿತು ನೋಡಿ, ಮಲಗುವ ಮುಂಚೆ ಗ್ಯಾಸು ಆರಿಸಿದ್ದನ್ನು ನೋಡಿ ಬಂದು, ಮತ್ತೆ ಎದ್ದು ಹೋಗಿ ನೋಡುವುದು, ಯಜಮಾನರು ಬರುವುದು ಸ್ವಲ್ಪ ತಡವಾದರೆ ಆಸ್ಪತ್ರೆ, ಆಂಬುಲೆನ್ಸು, ಸ್ಟ್ರೆಚರು, ಕೊನೆಗೆ ಯಾರ್ಯಾರಿಗೆ ಫೋನ್ ಮಾಡಬೇಕು ಅನ್ನುವವರೆಗೆ ಎಲ್ಲ ಕಣ್ಮುಂದೆ ಓಡುವುದು, ಅಷ್ಟರಲ್ಲಿ ಅವರು ಬಾಳೆಹಣ್ಣು ಹಿಡಿದುಕೊಂಡು ಬಂದರೆ ಖುಷಿಪಡುವ ಬದಲು ಜಗಳ ತೆಗೆಯುವುದು. ಎದೆ ನೋಡಿದ ಡಾಕ್ಟರು ನಿಮ್ಮ ಹಾರ್ಟ್ ಕಲ್ಲುಗುಂಡಿನ ಹಾಗಿದೆ ಅಂತ ಕಳಿಸಿದ್ದರು, ಕಲ್ಲುಗುಂಡು ಯಾಕೆ ಹೀಗೆ ಹೊಡೆದುಕೊಳ್ಳುತ್ತೆ ಅಂತ ಈ ಹುಡುಗಿಯನ್ನು ಕೇಳಿದೆ. ಅವಳು, ಕಾರಿನ ವಿಷಯ ಹೇಳುತ್ತಾ ನೆಲ ಒತ್ತುತ್ತಿದ್ದ ನನ್ನ ಕಾಲು ನೋಡುತ್ತಿದ್ದಳು. ಬ್ರೇಕ್ ಒತ್ತಿದ ಮೇಲೆ ಏನಾಗುತ್ತೆ ಮೇಡಂ? ಸಮಾಧಾನ ಆಗುತ್ತೆ. ಎಲ್ಲಿ ತನಕ? ಮುಂದಿನ ತಿರುವಿನ ತನಕ. ಹೇಳಿಯಾದ ಮೇಲೆ ನನಗೇ ನಾಚಿಕೆಯಾಯಿತು, ಇಷ್ಟು ವರ್ಷ ಒಂದು ತಿರುವಿನಿಂದ ಇನ್ನೊಂದು ತಿರುವಿನ ತನಕ ಬದುಕಿದ್ದೇನೆ. ಭಯ ಬರಬಾರದು ಅಂತಲ್ಲ, ಬರಲಿ, ಹತ್ತುತ್ತೆ, ಇಳಿಯುತ್ತೆ, ನೀವು ಒತ್ತೋದು ಬೇಡ, ಕಿರುಚೋದು ಬೇಡ, ಇಳಿಯೋ ತನಕ ಕೂತಿರಿ ಅಷ್ಟೇ ಅಂದಳು. ಅಷ್ಟೇ ಅಂತೆ. ಹೇಳಲು ಸುಲಭ, ಅವಳ ಜಾಗದಲ್ಲಿ ಕೂತಿದ್ದರೆ ನಾನೂ ಹೇಳುತ್ತಿದ್ದೆ.

ಹೇಳಿದ್ದೇನಲ್ಲ, ದಿನಾ ಹೇಳುತ್ತೇನೆ, ಏರು ರಸ್ತೆಯಲ್ಲಿ ಹಾಫ್ ಕ್ಲಚ್ಚಿನಲ್ಲಿ ಕಾರು ಗಡಗಡ ನಡುಗುವಾಗ ಕಲಿಯುವವರು ಕಂಗಾಲಾಗಿ ಎಲ್ಲ ಬಿಟ್ಟುಬಿಡುತ್ತಾರೆ, ನಡುಗಲಿ ಬಿಡ್ರೀ, ನಡುಗ್ತಿದೆ ಅಂದ್ರೆ ಹಿಡ್ಕೊಂಡಿದೆ ಅಂತ ಅರ್ಥ, ಹಿಂದಕ್ಕೆ ಹೋಗಲ್ಲ, ಸುಮ್ಮನಿರಿ ಅಂತ ಗದರುತ್ತೇನೆ — ಇದೇ ಏರು ರಸ್ತೆ ಈಗ, ಸಾಲಾಗಿ ಗಾಡಿಗಳು, ಹಿಂದೆ ಒಂದು ಟ್ಯಾಂಕರು ಮೂಗು ತೂರಿಸಿಕೊಂಡು ನಿಂತಿದೆ, ಗುಬ್ಬಿಯ ಕಾರು ಹಿಂದಕ್ಕೆ ಹೋದರೆ, ಹೋಗುವುದಿಲ್ಲ, ಹೋದರೆ — ನಡುಗಲಿ ಬಿಡ್ರೀ ಮೇಡಂ. ಇವಳಿಗೂ ನಾನೇ ಕಲಿಸಲು ಹೊರಟಿದ್ದೆ, ತಿಂಗಳುಗಟ್ಟಲೆ ಕಲಿಸಿದೆ, ತಿರುವು ಬಂದಾಗಲೆಲ್ಲ ಇವಳ ಕಾಲು ಏಳುವ ಮುಂಚೆ ನನ್ನ ಕಾಲು ಒತ್ತುತ್ತಿತ್ತು, ಕಾರು ಚೆಂದವಾಗಿ ನಿಲ್ಲುತ್ತಿತ್ತು, ಇಬ್ಬರಿಗೂ ಖುಷಿ, ಪರೀಕ್ಷೆಯ ದಿನ ಇನ್‌ಸ್ಪೆಕ್ಟರು ಕಾರು ನಿಲ್ಲಿಸಮ್ಮ ಅಂದರೆ ಇವಳು ಕಾರು ತಾನಾಗಿ ನಿಲ್ಲುತ್ತದೆ ಅಂತ ಕಾಯುತ್ತಾ ಗೆರೆ ದಾಟಿ, ಕಂಬ ಬೀಳಿಸಿ, ಹೂಕುಂಡದವರೆಗೆ ಹೋದಳಂತೆ. ಬ್ರೇಕ್ ಮೇಡಂ ಮಗಳಿಗೆ ಬ್ರೇಕ್ ಹಾಕೋದೇ ಗೊತ್ತಿಲ್ಲ ಅಂತ ಊರೆಲ್ಲ ನಕ್ಕಿತು. ಇವಳು ಸೀದಾ ಹೋಗಿ ಪಕ್ಕದ ಬೀದಿಯ ನಮ್ಮ ಎದುರಾಳಿ ಸ್ಕೂಲಿಗೆ ಸೇರಿದಳು, ಅಲ್ಲಿ ಕಲಿಸುವ ಮುದುಕಪ್ಪ ಸೀಟಿಗೆ ಒರಗಿದರೆ ಗೊರಕೆ, ಆ ಗೊರಕೆಯ ಪಕ್ಕದಲ್ಲಿ ಕೂತು ಇವಳು ಕಲಿತಳು, ಪಾಸಾದಳು, ನನಗೆ ಎಷ್ಟು ಅವಮಾನವಾಯಿತೆಂದರೆ ವಾರವಿಡೀ ಆ ಬೀದಿಯಲ್ಲಿ ಓಡಾಡಲಿಲ್ಲ. ಈಗ ಅನ್ನಿಸುತ್ತೆ, ಮುದುಕಪ್ಪ ನಿಜವಾಗಲೂ ನಿದ್ದೆ ಮಾಡುತ್ತಿದ್ದನಾ, ಇಲ್ಲ ಕಣ್ಣು ಮುಚ್ಚಿಕೊಂಡು ಸುಮ್ಮನಿರುತ್ತಿದ್ದನಾ. ಸಾಲು ಮುಂದಕ್ಕೆ ಸರಿಯಿತು, ಕಾರು ಒಂದು ಕ್ಷಣ ನಡುಗಿತು, ಹಿಡಿಯಿತು, ಏರಿತು, ಟ್ಯಾಂಕರು ಹಿಂದೆಯೇ ಉಳಿಯಿತು. ಭೇಷ್ ಅನ್ನಬೇಕು ಅನ್ನಿಸಿತು, ಅದನ್ನೂ ಅನ್ನಲಿಲ್ಲ, ಭೇಷ್ ಅಂದರೂ ಪಕ್ಕದಿಂದ ಓಡಿಸಿದ ಹಾಗೇ. ಆಗ ಕಣ್ಣಿಗೆ ಬಿತ್ತು — ಇವಳು ಚಪ್ಪಲಿ ಬಿಟ್ಟು ಓಡಿಸುತ್ತಿದ್ದಾಳೆ, ಬರಿಗಾಲು, ಕಾಲು ಬಾತುಕೊಂಡಿದೆ, ಬಸುರಿಯ ಕಾಲು, ಪಟ್ಟಿಯ ಗುರುತು ಪಾದದ ಮೇಲೆ ಕೆಂಪಗೆ ಉಳಿದಿದೆ. ಬರಿಗಾಲಲ್ಲಿ ಓಡಿಸಬಾರದು ಅಂತ ಮೊದಲ ದಿನವೇ ಎಲ್ಲರಿಗೂ ಹೇಳುತ್ತೇನೆ. ತುಟಿ ಕಚ್ಚಿಕೊಂಡೆ.

ಇಳಿಜಾರು, ಆಮೇಲೆ ಗೋದಾಮುಗಳ ಸಾಲು, ಅದು ಮುಗಿದರೆ ಕ್ಲಿನಿಕ್ಕು, ಇಷ್ಟು ದೂರ ಬಂದುಬಿಟ್ಟೆನಲ್ಲ, ಯಜಮಾನರಿಗೆ ಹೇಳಿದರೆ ನಂಬುವುದಿಲ್ಲ, ನೀನಾ, ಬಾಯಿ ಮುಚ್ಕೊಂಡಾ, ಅನ್ನುತ್ತಾರೆ — ಗೇಟು. ಗೋದಾಮಿನ ಗೇಟಿನಿಂದ ಲಾರಿಯ ಹಿಂಭಾಗ ರಸ್ತೆಗೆ ಬರುತ್ತಿದೆ, ಹಿಂದೆ ನಿಂತು ಬರಲಿ ಬರಲಿ ಅನ್ನಲು ಯಾರೂ ಇಲ್ಲ, ಕಬ್ಬಿಣದ ಸರಳುಗಳು ಲಾರಿಯ ಹೊರಗೆ ಚಾಚಿಕೊಂಡಿವೆ, ಗುಬ್ಬಿ ನೋಡಿದಳಾ, ನೋಡಿಲ್ಲ, ನೋಡಿರಬೇಕು, ಆ ಒಂದು ಗೇಣು ಜಾಗ, ಒಂದೇ ಒಂದು ಸಲ ಹೇಳಿಬಿಡಲಾ, ಲಾರಿ ಅಂತ, ಎರಡಕ್ಷರ, ಹೇಳದೆ ಏನಾದರೂ ಆದರೆ, ಹೇಳಿ ಅವಳು ಬೆಚ್ಚಿಬಿದ್ದರೆ, ನಾಲಿಗೆಯ ತುದಿಗೆ ಬಂತು, ಹಲ್ಲು ಕಚ್ಚಿದೆ, ಕಾಲನ್ನು ಕಾಲಿನಿಂದಲೇ ಅದುಮಿ ಹಿಡಿದೆ, ರಸ್ತೆ ನೋಡಲಾಗಲಿಲ್ಲ, ತಲೆ ತಗ್ಗಿಸಿದೆ, ತಗ್ಗಿಸಿದರೆ ಅವಳ ಪಾದ, ಅದು ಆಗಲೇ ಬ್ರೇಕಿನ ಮೇಲಿದೆ. ಯಾವಾಗ ಹೋಯಿತು ಗೊತ್ತಿಲ್ಲ. ನನಗಿಂತ ಮೊದಲು ಹೋಗಿದೆ. ಕಾರು ಮೆತ್ತಗೆ ನಿಂತಿತು, ಎದುರಿಗೆ ಲಾರಿ ನಿಧಾನವಾಗಿ ತಿರುಗಿಕೊಳ್ಳುತ್ತಿರುವ ಸದ್ದು. ಗೇಟ್ ತೆಗ್ದಾಗ್ಲೇ ನೋಡ್ದೆ ಕಣಮ್ಮಾ ಅಂದಳು ಗುಬ್ಬಿ, ನಾನು ಹೂಂ ಅಂದೆ, ಆಮೇಲೆ ಅವಳು, ವಾಪಸ್ ಹೋಗೋವಾಗ ಬಸ್ ಹಿಡೀಬೇಡ, ನಾನೇ ಕಾಯ್ತೀನಿ ಅಂದಳು, ನಾನು ಅದಕ್ಕೂ ಹೂಂ ಅಂದೆ. ಎದೆ ಹೊಡೆದುಕೊಳ್ಳುತ್ತಿದೆ, ಹೊಡೆದುಕೊಳ್ಳಲಿ, ಹತ್ತುತ್ತಿದೆ, ಇನ್ನೂ ಹತ್ತುತ್ತಿದೆ, ಕೂತಿದ್ದೇನೆ, ಲಾರಿ ಹೋಯಿತೋ ಇಲ್ಲವೋ ನೋಡಲಿಲ್ಲ, ನೋಡುತ್ತಿರುವುದು ಅದೊಂದನ್ನೇ, ಇಷ್ಟು ವರ್ಷ ರಸ್ತೆಯನ್ನೇ ನೋಡಿದವಳು ಇದನ್ನು ನೋಡಿರಲಿಲ್ಲ, ಚಪ್ಪಲಿ ಪಟ್ಟಿಯ ಕೆಂಪು ಗುರುತು, ಬಾತ ಬೆರಳುಗಳು, ಬ್ರೇಕಿನ ಮೇಲೆ ಅವಳ ಪಾದ, ಬರಿಯ ಪಾದ, ಗಟ್ಟಿಯಾಗಿ ಒತ್ತಿಕೊಂಡಿದೆ, ಸ್ವಲ್ಪವೂ ನಡುಗುತ್ತಿಲ್ಲ