ಹೊರಗೆ ಹಾಕಿದ ಬೀಗ

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ವೇದಾವತಿಯ ಮನೆಗೆ ಕಳ್ಳ ನುಗ್ಗಿ ಹೋದ ಮೇಲೆ ಅವಳ ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಎಲ್ಲರೂ ಮಲಗಿದ್ದಾಗಲೇ ಬಾಗಿಲ ಸಂದಿಯಿಂದ ಚಿಲಕ ಎತ್ತಿ ಬಂದಿದ್ದ. ಹೋದದ್ದು ಬಳೆ, ಮೊಬೈಲು. ಆದರೆ ತನ್ನ ತಲೆದೆಸೆಯಲ್ಲೇ ಯಾರೋ ಓಡಾಡಿದ್ದರೆಂಬ ಯೋಚನೆ ಅವಳನ್ನು ತಿನ್ನುತ್ತಿತ್ತು. ಇಲಿ ಸದ್ದು ಮಾಡಿದರೂ ಎದ್ದು ದೀಪ ಹಾಕುತ್ತಿದ್ದಳು.

ಗಂಡ ಕಮಲಾಕ್ಷ ಠಾಣೆ ಪಟ್ಟಣದ ಉಡುಪಿ ಹೋಟೆಲೊಂದರ ಮ್ಯಾನೇಜರು. ಕತ್ತಲಿರುವಾಗಲೇ ಲೋಕಲ್ ರೈಲು ಹಿಡಿಯುವವನು. ಅವನು ಹೊರಟರೆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ; ಕಮಲಾಕ್ಷನೂ ಹಾಗೇ ಮಾಡಿದ. ಹೋಟೆಲಿನಲ್ಲಿ ರಾತ್ರಿ ಕೆಲಸದವರು ಒಳಗೆ ಮಲಗುತ್ತಾರೆ, ಶಟರಿಗೆ ಹೊರಗಿನಿಂದ ಬೀಗ. ಅದೇ ಬುದ್ಧಿ ಮನೆಗೂ ಓಡಿತು. ಮುಂಬಾಗಿಲ ಸರಳಿನ ಸೇಫ್ಟಿ ಡೋರಿಗೆ ಹೊರಗಿನಿಂದ ದಪ್ಪ ಬೀಗ ಜಡಿದು, ಕೀಲಿಕೈ ಜೇಬಿಗಿಳಿಸಿ ಹೋಗತೊಡಗಿದ. ಮಧ್ಯಾಹ್ನದ ಬಿಡುವಿಗೆ ಬಂದು ತೆಗೆಯುತ್ತಿದ್ದ. ವೇದಾವತಿ ಬೇಡವೆನ್ನಲಿಲ್ಲ. ಆ ಬೀಗ ಬಿದ್ದ ಸದ್ದು ಕೇಳಿದ ಮೇಲೆಯೇ ಅವಳಿಗೆ ಜೋಂಪು ಹತ್ತುತ್ತಿತ್ತು.

ಪಕ್ಕದ ಮನೆಯ ಸಾಬವ್ವ ವಿಜಾಪುರದ ಕಡೆಯವಳು, ಮಹಿಳಾ ಸಂಘದ ಮುಂದಾಳು. ಬೀಗ ನೋಡಿ ಅವಳು ಸರಳುಗಳಾಚೆಯಿಂದಲೇ ಗದರಿದಳು.

"ಕೀಲಿಕೈ ಒಳಗಿದ್ದವರ ಕೈಯಾಗ ಇರಬೇಕು ನೋಡವಾ. ಇದು ಕಳ್ಳನ್ನ ತಡೀತೈತೋ ಇಲ್ಲೋ, ನಿನ್ನಂತೂ ತಡೀತೈತಿ."

ಹೊರಗಿನ ಬೀಗ ಕಂಡರೆ ಮನೆ ಖಾಲಿಯೆಂದು ಕಳ್ಳನನ್ನು ಕರೆದ ಹಾಗೆಯೇ ಎಂದೂ ಹೇಳಿದಳು. ವೇದಾವತಿ ಅದನ್ನು ಗಂಡನ ಕಿವಿಗೆ ಹಾಕಿದಳು. ಅವನು ನಕ್ಕುಬಿಟ್ಟ.

"ಶಟರಿನೊಳಗೆ ಮಲಗಿಯೇ ನಾನು ದೊಡ್ಡವನಾದದ್ದು ಮಾರಾಯ್ತಿ. ನನಗೆಂತ ಆಯ್ತು?"

ಒಂದು ಬೆಳಿಗ್ಗೆ ಕಟ್ಟಡದ ಕೆಳಗಿನ ಕರೆಂಟ್ ಮೀಟರ್ ಬಾಕ್ಸಿಗೆ ಬೆಂಕಿ ಬಿತ್ತು. ಹೊಗೆ ಮೆಟ್ಟಿಲೇರಿ ಬಂತು. ಅಕ್ಕಪಕ್ಕದ ಮನೆಯವರೆಲ್ಲ ಟೆರೇಸಿಗೆ ಓಡಿದರು. ವೇದಾವತಿ ಸರಳು ಹಿಡಿದು ಎಳೆದಳು, ಕೂಗಿದಳು. ಕಿಟಕಿಗೂ ಗ್ರಿಲ್ಲು. ಕೀಲಿಕೈ ದೂರದ ಹೋಟೆಲಿನಲ್ಲಿ, ಗಂಡನ ಜೇಬಿನಲ್ಲಿ. ಸಾಬವ್ವ ಮೂಗಿಗೆ ಒದ್ದೆ ಸೆರಗು ಕಟ್ಟಿಕೊಂಡು ಕಬ್ಬಿಣದ ಸಲಾಕೆ ತಂದು ಬೀಗ ಒಡೆಯುವಷ್ಟರಲ್ಲಿ ಅತ್ತೆ ನೆಲಕ್ಕೊರಗಿದ್ದರು. ಆಸ್ಪತ್ರೆಯಲ್ಲೂ ಅವರು ಕಣ್ಣು ತೆರೆಯಲಿಲ್ಲ, ಅಲ್ಲೇ ತೀರಿಕೊಂಡರು.

ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಕಮಲಾಕ್ಷ ಹೆಂಡತಿಯ ಮುಂದೆ ಬಾಯಿಬಿಟ್ಟ.

"ಕಳ್ಳ ಬಂದಾಗ ಅಮ್ಮನಿಗೆ ಒಂದು ಗೀರೂ ಆಗಿರಲಿಲ್ಲ. ಬೀಗ ಹಾಕಿದ್ದು ನಾನು."

"ಬೇಡ ಅನ್ನದೆ ಬಾಯಿ ಮುಚ್ಚಿ ಕೂತದ್ದು ನಾನು," ಎಂದಳು ವೇದಾವತಿ.

ಈಗ ಆ ಬಾಗಿಲಿಗೆ ಒಳಗಿನಿಂದ ಕೈಯಲ್ಲೇ ತಿರುಗಿಸಿ ತೆರೆಯುವ ಲ್ಯಾಚಿದೆ, ಸಂದಿಗೆ ಕಬ್ಬಿಣದ ಪಟ್ಟಿಯಿದೆ. ಒಂದು ಕಿಟಕಿಯ ಗ್ರಿಲ್ಲು ಒಳಗಿನಿಂದ ತೆರೆದುಕೊಳ್ಳುತ್ತದೆ. ಸಣ್ಣ ಕಳ್ಳತನವೆಂದು ಬಿಟ್ಟಿದ್ದ ಪೊಲೀಸ್ ದೂರನ್ನೂ ಕೊಟ್ಟರು. ಸದ್ದು ಕೇಳಿದರೆ ಸಾಬವ್ವನಿಗೆ ಫೋನು. ಹೋಟೆಲಿನ ಶಟರಿನ ಬೀಗವನ್ನೂ ಕಮಲಾಕ್ಷ ಹಟ ಹಿಡಿದು ಒಳಬದಿಗೆ ಹಾಕಿಸಿದ. ವೇದಾವತಿಯ ಹೆದರಿಕೆ ಪೂರ್ತಿ ಹೋಗಿಲ್ಲ. ಆದರೂ ಹೊರಗಿನ ಬೀಗ ಅವಳಿಗೆ ಬೇಡ.

ಅಕ್ಕಂದಿರೇ, ಅಣ್ಣಂದಿರೇ, ಕಳ್ಳನ ಭಯ ಸುಳ್ಳಲ್ಲ, ಬೀಗ ಬೇಕು. ಆದರೆ ನಿಮ್ಮವರನ್ನು ಒಳಗಿಟ್ಟು ಹೊರಗೆ ಬೀಗ ಹಾಕಬೇಡಿ. ಇವತ್ತೇ ಮನೆಯ ಮುದುಕರನ್ನೂ ಮಕ್ಕಳನ್ನೂ ಬಾಗಿಲ ಬಳಿ ನಿಲ್ಲಿಸಿ, ಅವರ ಕೈಯಿಂದಲೇ ತೆಗೆಸಿ ನೋಡಿ. ತೆಗೆಯಲು ಆಗದಿದ್ದರೆ ಆ ಬೀಗವನ್ನು ನಾಳೆಯವರೆಗೂ ಇಟ್ಟುಕೊಳ್ಳಬೇಡಿ.