ಮೇಲಿನ ಷಡ್ಜ

ಶ್ರಾವಣಿಯ ಪಾಠದ ವಿಡಿಯೋದಲ್ಲಿ ತನ್ನದೇ ದನಿ ಕೇಳಿಬಂದಾಗ ಜಾನಕಿಯ ಕಾಫಿ ಲೋಟ ತುಟಿಯ ಹತ್ತಿರವೇ ನಿಂತುಬಿಟ್ಟಿತು.

ಶ್ರಾವಣಿ ಅವಳ ಮೊದಲ ಶಿಷ್ಯೆ. ಸುವಾನಿ ಊರಿನ ಈ ಮನೆಯ ಬೇಸ್‌ಮೆಂಟಿನಲ್ಲಿ, ಇದೇ ಜಮಖಾನದ ಮೇಲೆ ಕೂತು ಸರಳೆ ವರಸೆ ಕಲಿತ ಹುಡುಗಿ. ಈಗ ಶಾರ್ಲೆಟ್‌ನಲ್ಲಿ ಸಂಸಾರ ಹೂಡಿಕೊಂಡು ತಾನೂ ಪಾಠ ಹೇಳುತ್ತಾಳೆ. ‘ಶ್ರುತಿ ಎಲ್ಲಿ ಜಾರುತ್ತೆ’ ಎಂಬ ಅವಳ ಹೊಸ ಪಾಠವನ್ನು ಜಾನಕಿ ಹೆಮ್ಮೆಯಿಂದಲೇ ಹಾಕಿಕೊಂಡಿದ್ದಳು.

“ಈಗ ಇದನ್ನ ಕೇಳಿ,” ಎಂದು ಶ್ರಾವಣಿ ಒಂದು ತುಣುಕು ಹಾಕಿದಳು. ಮುಖವಿಲ್ಲ, ಹೆಸರಿಲ್ಲ. ಕಲ್ಯಾಣಿಯ ಆಲಾಪನೆ, ಮೇಲಿನ ಷಡ್ಜಕ್ಕೆ ಏರಿ ನಿಲ್ಲುವ ಒಂದೇ ಉಸಿರು. ಲಾಕ್‌ಡೌನಿನ ಕಾಲದಲ್ಲಿ ಜಾನಕಿ ಝೂಮ್‌ನಲ್ಲಿ ಹಾಡಿದ್ದ ಕಚೇರಿಯದು. ಊರೂರಿನ ಕನ್ನಡ ಕೂಟದವರು ಪರದೆಯ ತುಂಬ ಚಪ್ಪಾಳೆ ಹರಿಸಿದ್ದ ಕಚೇರಿ.

“ಕೇಳಿಸ್ತಾ? ಏರೋವಾಗ ತುಂಬಾ ಚೆನ್ನಾಗಿದೆ. ನಿಲ್ಲೋವಾಗ ಒಂದು ಕೂದಲೆಳೆ ಕೆಳಗೆ. ಹಾಡೋರಿಗೆ ಇದು ಗೊತ್ತೇ ಆಗಲ್ಲ.”

“ರೀ, ಇಲ್ಲಿ ಬನ್ನಿ!” ಜಾನಕಿ ಕೂಗಿದ ರಭಸಕ್ಕೆ ಗಂಡ ಶ್ಯಾಮ್ ಆಫೀಸಿನ ಕಾಲ್ ಮ್ಯೂಟ್ ಮಾಡಿ ಮೆಟ್ಟಿಲಿಳಿದು ಬಂದ. ನೋಡಿದ. ಕನ್ನಡಕ ತೆಗೆದು ಒರೆಸಿದ.

“ಹೆಸರು ಹಾಕಿಲ್ವಲ್ಲ.”

“ನನ್ನ ದನಿ ಯಾರಿಗೆ ಗೊತ್ತಿಲ್ಲ? ತೆಗೆಸ್ತೀನಿ ಇದನ್ನ. ಕಂಪ್ಲೇಂಟ್ ಫೈಲ್ ಮಾಡ್ತೀನಿ.”

“ಹೋದ ವರ್ಷ ಆ ಕ್ಯಾಸೆಟ್ ಕಂಪನಿಯವ್ರು ತಮ್ಮ ಹಾಡಿನ ತುಣುಕಿದೆ ಅಂತ ನಿನ್ನ ಪಾಠದ ವಿಡಿಯೋ ತೆಗೆಸಿದಾಗ ನೀನೇ ಏನು ಬರೆದೆ? ಚಿಕ್ಕ ತುಣುಕು, ಮಕ್ಕಳಿಗೆ ಕಲಿಸೋಕೆ, ಫೇರ್ ಯೂಸ್, ಅನುಮತಿ ಬೇಕಿಲ್ಲ ಅಂತ. ಗೆದ್ದೆ ಬೇರೆ. ಒಬ್ಬಟ್ಟು ಮಾಡಿದ್ದೆ.”

“ನಾನು ಹಾಕಿದ್ದು ಹೀಗೆ ಹಾಡಬೇಕು ಅಂತ ತೋರಿಸೋಕೆ. ಹೀಗೆ ಹಾಡಬಾರದು ಅಂತಲ್ಲ.”

“ಕಾನೂನಿಗೆ ಅದೆಲ್ಲ ಎಲ್ಲಿ ತಿಳಿಯತ್ತೆ, ಜಾನು?”

“ನಿಮಗೆ ತಿಳಿಯತ್ತಲ್ಲ. ಹೇಳಿ. ಕೆಳಗಿತ್ತಾ?”

“ನಾನಾ? ನಾನು ಮಿಕ್ಸಿ ಶ್ರುತಿಗೂ ತಲೆದೂಗೋನು.” ಅವಳ ಮುಖ ನೋಡದೆ ಮೇಲೆ ಹೋದ.

ಜಾನಕಿ ಕಾಪಿರೈಟ್ ದೂರಿನ ಪುಟ ತೆರೆದಳು. ‘ಈ ಬಳಕೆ ನ್ಯಾಯಸಮ್ಮತ ಇರಬಹುದೇ ಎಂದು ಯೋಚಿಸಿದ್ದೀರಾ?’ ಎಂದು ಕೇಳಿತ್ತು. ಯೋಚಿಸದೆ ಏನು, ಅದರ ಉತ್ತರವನ್ನು ಹೋದ ವರ್ಷ ಬಾಯಿಪಾಠ ಮಾಡಿದ್ದಳು. ಆದರೆ ಸುಳ್ಳು ಹೇಳುವುದು ಪಾಠವಾಗುತ್ತದೆಯೇ? ತಪ್ಪೇ ಇಲ್ಲದ ಷಡ್ಜವನ್ನು ತಪ್ಪೆಂದು ತೋರಿಸಿದರೆ? ಕಂಪ್ಯೂಟರಿನಲ್ಲಿ ಒಂದೆಳೆ ಇಳಿಸಿದ್ದರೂ ಇಳಿಸಿರಬಹುದು. ವೀಸಾ ಅವಳನ್ನು ಕೆಲಸಕ್ಕೆ ಬಿಡದ ಆ ವರ್ಷಗಳಲ್ಲಿ, ಈ ದೇಶದಲ್ಲಿ ತನ್ನದು ಎನ್ನಲು ಅವಳಿಗಿದ್ದದ್ದು ಆ ದನಿಯೊಂದೇ. ಅದನ್ನು ಹಿಡಿದೇ ಟೀಚರಾಂಟಿ ಆಗಿದ್ದಳು.

ಸಂಜೆ ಮಕ್ಕಳು ಬರುತ್ತಾರೆ. ದೊಡ್ಡವರು ದಾಕ್ಷಿಣ್ಯಕ್ಕೋ ಹೊಟ್ಟೆಕಿಚ್ಚಿಗೋ ಏನಾದರೂ ಅಂದಾರು, ಮಕ್ಕಳು ಅನ್ನುವುದಿಲ್ಲ. ತಪ್ಪಿಲ್ಲ ಎಂದು ಅವರ ಬಾಯಲ್ಲಿ ಬಂದರೆ ಸಾಕು, ದೂರು ಕಳಿಸಿಬಿಡುವುದು. ಪುಟವನ್ನು ಹಾಗೇ ತೆರೆದಿಟ್ಟಳು.

ಮಕ್ಕಳು ಶೂ ಕಳಚಿ ಬಂದು ಜಮಖಾನದ ಮೇಲೆ ಕೂತರು. ಜಾನಕಿ ತಂಬೂರಿಯ ಆ್ಯಪ್ ಹಚ್ಚಲಿಲ್ಲ. “ಮೊದಲು ಇದನ್ನ ಕೇಳಿ. ತಪ್ಪು ಇದೆಯಾ ಹೇಳಿ,” ಎಂದು ತುಣುಕು ಹಾಕಿದಳು.

ಯಾರೂ ಮಾತಾಡಲಿಲ್ಲ. ಜಾನಕಿಯ ಎದೆ ಹಗುರಾಯಿತು. “ನೋಡಿದ್ರಾ, ಸರಿಯಾಗೇ ಇದೆ.”

ಏಳನೇ ಕ್ಲಾಸಿನ ನಿಧಿ ಕೈಯೆತ್ತಿದಳು. “ಆಂಟಿ, ಇದು ಟ್ರಿಕ್ ಕ್ವೆಶ್ಚನ್ನಾ?”

“ಯಾಕಮ್ಮಾ?”

“ಟಾಪ್ ಸ ಫ್ಲಾಟ್ ಇದೆ. ಬಟ್ ಅದು ನೀವು, ಸೋ...” ಪಕ್ಕದ ಶ್ರೇಯಸ್ ಅವಳನ್ನು ಮೊಣಕೈಯಿಂದ ತಿವಿದ. “ವಾಟ್? ಆಂಟೀನೇ ಕೇಳಿದ್ದು!” ಎಂದು ಅವನ ಮೇಲೆ ಹರಿಹಾಯ್ದು ನಿಧಿ ಜಾನಕಿಯ ಕಡೆ ತಿರುಗಿದಳು. “ನೀವು ಅಲ್ಲಿ ಯಾವಾಗ್ಲೂ ಸ್ವಲ್ಪ ಕೆಳಗೆ, ಆಂಟಿ. ಇಟ್ಸ್ ಓಕೆ. ನಾವೂ ನಿಮ್ ಜೊತೆ ಕೆಳಗೇ ನಿಲ್ತೀವಿ.”

ಸಮಾಧಾನ ಹೇಳುವ ದನಿಯಲ್ಲಿ ಹೇಳಿದಳು ಮಗು.

ಜಾನಕಿ ತಂಬೂರಿ ಹಚ್ಚಿದಳು. “ಹಾಡಿ. ಎಲ್ಲರೂ.”

ಮಕ್ಕಳು ಏರಿದರು. ನಿಷಾದದವರೆಗೆ ಕನ್ನಡಿಯಂಥ ಎಳೆಯ ಕಂಠಗಳು. ಆಮೇಲೆ ಮೇಲಿನ ಷಡ್ಜ. ತಂಬೂರಿ ಒಂದು ಕಡೆ, ಒಂದು ಕೂದಲೆಳೆ ಕೆಳಗೆ ಮಕ್ಕಳು. ಯಾರೂ ಅತ್ತಿತ್ತ ಅಲುಗದೆ, ಒಟ್ಟಿಗೆ, ಅವಳು ಕಲಿಸಿದ ಜಾಗದಲ್ಲೇ ನಿಂತಿದ್ದರು. ಇಷ್ಟು ವರ್ಷ ಕೇಳಿಸದೇ ಇದ್ದದ್ದು ಜಾನಕಿಗೆ ಈಗ ಕೇಳಿಸಿತು.

ಉಸಿರು ಮುಗಿಸಿ ಎಲ್ಲರೂ ಅವಳ ಮುಖವನ್ನೇ ನೋಡಿದರು. ಈ ಸ್ವರಕ್ಕೆ ಬಂದು ನಿಂತಾಗಲೆಲ್ಲ ಅವಳು “ಭೇಷ್” ಅನ್ನುತ್ತಿದ್ದಳು. ಅದಕ್ಕಾಗಿ ಕಾಯುತ್ತಿದ್ದರು. ಜಾನಕಿ ಅದನ್ನು ಅನ್ನದೆ, ತೆರೆದಿಟ್ಟ ದೂರಿನ ಪುಟ ಮುಚ್ಚಿ ತಂಬೂರಿಯ ದನಿ ಏರಿಸಿದಳು.